ಮುಳ್ಳಿಲಿಗೂ ಒಂದು ಬಾಣಂತನ

ಜಿಯಾಯಿ ಪಟ್ಟಣದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಟರ್ಕಿ ಕೋಳಿ ಅನ್ನ ಮಾರುವವನು ಒಲೆ ಹಚ್ಚುತ್ತಿದ್ದಾನೆ. ಅವನ ಎದುರಂಗಡಿಯ ಷಟರ್ ಮೊಣಕಾಲೆತ್ತರಕ್ಕೆ ಮಾತ್ರ ಮೇಲೆದ್ದಿದೆ. ಬಗ್ಗಿ ಒಳಗೆ ನುಸುಳಿದರೆ ಕತ್ತಲು, ನಲ್ಲಿ ನೀರಿನ ಸದ್ದು, ಮೂಗಿಗೆ ಬಡಿಯುವ ಹಿಕ್ಕೆಯ ವಾಸನೆ. ಬೋಂಗ್‌ಚೀ ಆಮಾ ಕುಕ್ಕರಗಾಲಲ್ಲಿ ಕೂತು ಪ್ಲಾಸ್ಟಿಕ್ ಚಕ್ರಗಳನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕುತ್ತಿದ್ದಾರೆ. ಬೆಳಗಿನ ಹೊತ್ತು ಅವರ ಜೊತೆ ಹರಟಲು ಬರುವ ನಾನು ಗೋಡೆಯ ಸ್ವಿಚ್ಚಿಗೆ ಕೈ ಹಾಕುತ್ತೇನೆ.

"ಅಯ್ಯಯ್ಯೋ, ದೀಪ ಹಾಕ್ಬೇಡ ಕಣೇ! ಅವಳು ಈಗ ತಾನೇ ಮಲಗಿದಾಳೆ."

ಅವಳು ಅಂದರೆ ಜೀಮಾ. ಹಾಗಂದರೆ ಎಳ್ಳು. ಮೈಮೇಲೆ ಕರಿ ಎಳ್ಳು, ಬಿಳಿ ಎಳ್ಳು ಬೆರೆಸಿ ಚೆಲ್ಲಿದಂಥ ಮುಳ್ಳು. ಹೆಡ್ಜ್‌ಹಾಗ್ ಅನ್ನುತ್ತಾರಲ್ಲ, ಆ ಪ್ರಾಣಿ. ಮುಳ್ಳುಹಂದಿ ಅಂದರೆ ನೀವು ಕಾಡಿನ ಆ ಉದ್ದ ಮುಳ್ಳಿನ ದೊಡ್ಡ ಪ್ರಾಣಿಯನ್ನು ನೆನೆದೀರಿ, ಅದಕ್ಕೇ ನಾನು ಮುಳ್ಳಿಲಿ ಅನ್ನುತ್ತೇನೆ. ಎರಡು ಅಂಗೈ ಸೇರಿಸಿದರೆ ಅದರೊಳಗೆ ಮಲಗುವಷ್ಟು ಪುಟ್ಟದು. ಇಂಥ ಮೂವತ್ತು ಮುಳ್ಳಿಲಿಗಳನ್ನು ಇಟ್ಟುಕೊಂಡಿರುವ ಕೆಫೆ ಇದು. ಜನ ಕಾಸು ಕೊಟ್ಟು ಬರುತ್ತಾರೆ, ಕೈಗವಸು ಹಾಕಿಕೊಳ್ಳುತ್ತಾರೆ, ಹಗಲು ಮಲಗಬೇಕಾದ ಪ್ರಾಣಿಯನ್ನು ಎಬ್ಬಿಸಿ ತೊಡೆಯ ಮೇಲಿಟ್ಟುಕೊಂಡು ಫೋಟೋ ತೆಗೆದು, ಹಾಲಿನ ಚಹಾ ಕುಡಿದು ಹೋಗುತ್ತಾರೆ. ರಾತ್ರಿಯಿಡೀ ಇವು ಚಕ್ರದ ಮೇಲೆ ಓಡುತ್ತವೆ, ಓಡುತ್ತಲೇ ಹಿಕ್ಕೆ ಹಾಕುತ್ತವೆ. ಅದು ಬೆಳಗಾಗುವಷ್ಟರಲ್ಲಿ ಒಣಗಿ ಸಿಮೆಂಟಾಗಿರುತ್ತದೆ. ಅದನ್ನು ಕೆರೆದು ತೆಗೆಯುವುದು ಆಮಾ ಕೆಲಸ.

ಆಮಾ ಅಂದರೆ ಇಲ್ಲಿ ಅಜ್ಜಿ. ವಯಸ್ಸು ಎಪ್ಪತ್ತರ ಹತ್ತಿರ. ಅಂಗಡಿಯ ಗೋಡೆಯ ಮೇಲೆ ಮೂವತ್ತು ಮುಳ್ಳಿಲಿಗಳ ಫೋಟೋ ಇದೆ. ಪ್ರತಿಯೊಂದರ ಹೆಸರು, ಹುಟ್ಟುಹಬ್ಬ, ಇಷ್ಟದ ತಿಂಡಿ, ಎಲ್ಲ ಬಣ್ಣದ ಅಕ್ಷರದಲ್ಲಿದೆ. ಅವುಗಳ ಹೇಲು ಬಳಿಯುವವರ ಹೆಸರು ಮಾತ್ರ ಎಲ್ಲೂ ಇಲ್ಲ. 'ನಮ್ಮ ಶುಚಿತ್ವ ತಂಡ' ಅಂತ ಒಂದು ಸಾಲಿದೆ. ತಂಡವಂತೆ! ಇರುವವರು ಈ ಒಬ್ಬ ಮುದುಕಿ, ಒಂದು ಬ್ರಷ್ಷು, ಒಂದು ಬಕೆಟ್ಟು.

ಹೆಸರಿನ ವಿಷಯಕ್ಕೆ ಬಂದರೆ ನನಗೆ ಇನ್ನೂ ಮೈ ಉರಿಯುತ್ತದೆ. ಬೋಂಗ್‌ಚೀ ಅಂದರೆ 'ಏನು ಮಾಡೋದು, ಸಾಕೋಣ ಬಿಡು' ಅಂತ ಅರ್ಥ. ಗಂಡು ಬೇಕೆಂದು ಕಾದ ಮನೆಯಲ್ಲಿ ನಾಲ್ಕನೆಯ ಹೆಣ್ಣು ಹುಟ್ಟಿದಾಗ ಅಪ್ಪ ಬಾಯಿಗೆ ಬಂದದ್ದನ್ನೇ ಬರೆಸಿಬಿಟ್ಟ. ಹೀಗೆ ಸಾಕಿಸಿಕೊಂಡ ಹುಡುಗಿ ಮುಂದೆ ನಲವತ್ತು ವರ್ಷ ಊರವರ ಮಕ್ಕಳನ್ನೆಲ್ಲ ಎತ್ತಿ ಆಡಿಸಿದಳು. ಆಮಾ ಮಾಡಿದ್ದು ಬಾಣಂತನದ ಕೆಲಸ. ಹೆರಿಗೆಯಾದ ಮನೆಗೆ ಹೋಗಿ ಒಂದು ತಿಂಗಳು ಅಲ್ಲೇ ಇರುವುದು. ಎಳ್ಳೆಣ್ಣೆಯಲ್ಲಿ ಬಲಿತ ಶುಂಠಿ ಹುರಿದು ಅಕ್ಕಿ ಹೆಂಡದಲ್ಲಿ ಕೋಳಿ ಬೇಯಿಸುವುದು, ಮಗುವಿನ ಮೈ ತೊಳೆಯುವುದು, ಬಾಣಂತಿಗೆ ತಣ್ಣೀರು ಸೋಕದಂತೆ, ಗಾಳಿ ತಾಗದಂತೆ, ಮುಖ್ಯವಾಗಿ ನೆಂಟರು ಮುತ್ತದಂತೆ ನೋಡಿಕೊಳ್ಳುವುದು.

"ಕೋಳಿ ಯಾರ್ ಬೇಕಾದ್ರೂ ಬೇಯಿಸ್ತಾರೆ," ಅನ್ನುತ್ತಾರೆ ಆಮಾ. "ಬಾಗಿಲಲ್ಲಿ ನಿಂತ್ಕೊಂಡು 'ಈಗ ಬೇಡ, ಹೋಗಿ' ಅನ್ನೋದಿದ್ಯಲ್ಲ, ಅದು ಕಷ್ಟ. ಎಷ್ಟು ಜನದ ಹತ್ರ ಉಗಿಸ್ಕೊಂಡಿದೀನೋ."

ಆಮೇಲೆ ಹೋಟೆಲಿನಂಥ ಬಾಣಂತನ ಕೇಂದ್ರಗಳು ಬಂದವು. ಪರದೆ, ಸೋಫಾ, ಸಮವಸ್ತ್ರ. ಅವರು ಸರ್ಟಿಫಿಕೇಟ್ ಕೇಳಿದರು. ಆಮಾಗೆ ಮೂರನೇ ತರಗತಿಯೂ ಪೂರ್ತಿಯಾಗಿಲ್ಲ. ನಲವತ್ತು ವರ್ಷ ಈ ಊರಿನ ಅರ್ಧಕ್ಕರ್ಧ ಮಕ್ಕಳ ಮೈ ತೊಳೆದ ಕೈಗೆ ಒಂದು ಕಾಗದ ಇಲ್ಲವೆಂದು ಬಾಗಿಲಿನಿಂದಲೇ ವಾಪಸ್ ಕಳಿಸಿದರು. ಯಾರಿಗೂ ನಾಚಿಕೆಯಾಗಲಿಲ್ಲ. ಕೊನೆಗೆ ಎರಡು ವರ್ಷದ ಹಿಂದೆ ಈ ಕೆಫೆ ಸಿಕ್ಕಿತು. ಇದರ ಮಾಲೀಕ ಬೋಷೂನ್ ಹುಟ್ಟಿದಾಗ ಅವನ ತಾಯಿಗೆ ಬಾಣಂತನ ಮಾಡಿದ್ದು ಇದೇ ಆಮಾ. ಆ ಪರಿಚಯದ ಮೇಲೆ ಕೊಟ್ಟ ಕೆಲಸ ಇದು.

ಈಗ ಜೀಮಾ ವಿಷಯ. ಶರತ್ಕಾಲದಲ್ಲಿ ಬೋಷೂನ್ ಹೊಸದೊಂದು ಮುಳ್ಳಿಲಿ ತಂದ. ಮಾರಿದವನು ಹೆಣ್ಣು ಅಂದ, ಇವನು ನಂಬಿದ. ಮುಟ್ಟಿದರೆ ಉಂಡೆಯಾಗಿ ಸುತ್ತಿಕೊಳ್ಳುವ ಪ್ರಾಣಿಯ ಹೊಟ್ಟೆ ಸರಿಯಾಗಿ ನೋಡಿದವರು ಯಾರು? ಪೆಟ್ಟಿಗೆ ಸಾಲದೆಂದು ಜೀಮಾ ಜೊತೆಯಲ್ಲೇ ಬಿಟ್ಟ. ವಾರಗಳಾದ ಮೇಲೆ ಅದರ ಕಾಲು ತೊಳೆಯಲು ನೀರಿಗೆ ಬಿಟ್ಟಾಗ ಅದು ಮೈ ಬಿಚ್ಚಿತು. ಆಮಾ ನೋಡಿದರು.

"ಬೋಷೂನ್, ಬಾರೋ ಇಲ್ಲಿ! ನೀನು ಹೊಕ್ಕುಳು ಅಂದ್ಕೊಂಡಿದೀಯಲ್ಲ, ಅದು ಹೊಕ್ಕುಳಲ್ಲ ಕಣೋ!"

ಆ ಗಂಡನ್ನು ಬೇರೆ ಪೆಟ್ಟಿಗೆಗೆ ಹಾಕಿದ್ದಾಯಿತು, ಆದರೆ ಇದೀಗ ಜೀಮಾ ದಪ್ಪಗಾಗಿದ್ದಾಳೆ. ಚಿಂದಿ ಬಟ್ಟೆಯನ್ನೆಲ್ಲ ಎಳೆದೆಳೆದು ಮೂಲೆಗೆ ಗುಡ್ಡೆ ಹಾಕಿಕೊಳ್ಳುತ್ತಿದ್ದಾಳೆ. ಹತ್ತಿರ ಹೋದರೆ ಬುಸ್ಸೆನ್ನುತ್ತಾಳೆ. ಆಮಾ ಅವಳನ್ನು ಬುಟ್ಟಿಯಲ್ಲಿಟ್ಟುಕೊಂಡು ಬಸ್ಸಿನಲ್ಲಿ ಪಶುವೈದ್ಯೆಯ ಬಳಿಗೆ ಹೋದರು. ಆಕೆ ಒಳ್ಳೆಯ ಹುಡುಗಿ. ಬಸುರಿ ಇರಬಹುದು, ಇಲ್ಲದೆಯೂ ಇರಬಹುದು, ಹೊಟ್ಟೆ ಒತ್ತಿ ನೋಡುವಂತಿಲ್ಲ ಎಂದಳು. ಆಗಿದ್ದರೆ ಇನ್ನೆರಡು ವಾರದೊಳಗೆ ಹೆರುತ್ತಾಳೆ. ಅಲ್ಲಿಯತನಕ, ಆಮೇಲೂ, ಬೆಚ್ಚಗಿರಬೇಕು, ಕತ್ತಲಿರಬೇಕು, ಯಾರೂ ಮುಟ್ಟಬಾರದು. ಗಾಬರಿಬಿದ್ದರೆ ತಾಯಿ ತನ್ನ ಮರಿಗಳನ್ನೇ ತಿಂದುಬಿಡುತ್ತದೆ.

ಅಂದಿನಿಂದ ಆಮಾ ಮೂಲೆಯ ಆ ಪೆಟ್ಟಿಗೆಗೆ ಕಪ್ಪು ಬಟ್ಟೆ ಹೊದಿಸಿದ್ದಾರೆ. ಓಡುವ ಚಕ್ರ ತೆಗೆದಿದ್ದಾರೆ. ಅಡಿಗೆ ಬಿಸಿ ಹಾಸು, ಒಂದು ಬಟ್ಟಲು ನೀರು, ಬೆಕ್ಕಿನ ಮರಿಗೆ ಕೊಡುವ ಆಹಾರ ಎರಡು ಚಮಚ ಜಾಸ್ತಿ. ನಾನು ದೀಪ ಹಾಕಹೋದ ಆ ಗುರುವಾರ ಬೆಳಿಗ್ಗೆಯೂ ಆಮಾ ಬಟ್ಟೆ ಸರಿಸಿ ನೋಡಲಿಲ್ಲ. ಪಕ್ಕದಲ್ಲಿ ಕೂತು ಕಿವಿಗೊಟ್ಟು ಕೇಳಿದರು, ಅಷ್ಟೇ.

ಬೋಷೂನ್ ಬಂದದ್ದು ಆಗ. ಕೈಯಲ್ಲಿ ಪುಟ್ಟ ಕ್ಯಾಮೆರಾ, ಒಂದು ದೀಪದ ಸುರುಳಿ. ಶನಿವಾರ ಅಂಗಡಿಯಲ್ಲಿ 'ಮರಿ ಎಷ್ಟು? ಹೇಳಿ, ಗೆಲ್ಲಿ' ಪಂದ್ಯ. ಪೆಟ್ಟಿಗೆಯೊಳಗೆ ದೀಪ, ಕ್ಯಾಮೆರಾ ಕೂರಿಸಿ ಜೀಮಾಳನ್ನು ದೊಡ್ಡ ಪರದೆಯ ಮೇಲೆ ತೋರಿಸುವುದು, ಗೆದ್ದವರಿಗೆ ಮರಿಗೆ ಹೆಸರಿಡುವ ಅವಕಾಶ. ಟಿಕೆಟ್ ಆಗಲೇ ಖರ್ಚಾಗಿವೆ.

"ಬೇಡ ಕಣೋ. ಹೆದರ್ತಾಳೆ."

"ಆಮಾ, ಹೋದ ವರ್ಷ ಡೌಹ್ವಾ ಬಸುರಿ ಅಂದೋರು ಯಾರು? ನೀವೇ. ತಿಂಗಳು ಪೂರ್ತಿ ಅಂಗಡೀಲಿ ಒಂದು ಹಾಡು ಹಾಕೋಕೆ ಬಿಡ್ಲಿಲ್ಲ. ಕಡೆಗೆ ಏನು ಹೆತ್ಲು? ಕೊಬ್ಬು!"

ಇದು ನಿಜ. ಡೌಹ್ವಾ ಅನ್ನುವ ಇನ್ನೊಂದು ಮುಳ್ಳಿಲಿ ಗಿರಾಕಿಗಳು ತಿನ್ನಿಸಿದ ಒಣಹುಳು ತಿಂದು ಊದಿಕೊಂಡಿತ್ತು, ಅಷ್ಟೇ. ಅಂದಿನಿಂದ ಓಣಿಯವರೆಲ್ಲ ಹೊಟ್ಟೆ ಬಂದವರನ್ನು ಕಂಡರೆ "ಆಮಾನ ಕರೀರಿ, ಬಾಣಂತನ ಮಾಡ್ತಾರೆ" ಎಂದು ನಗುತ್ತಾರೆ. ಟರ್ಕಿ ಅನ್ನದವನಿಗಂತೂ ಇದೊಂದು ನಿತ್ಯದ ತಮಾಷೆ.

"ತಪ್ಪಿದೆ, ಒಪ್ಕೊಂಡೆ," ಅಂದರು ಆಮಾ. "ಒಂದ್ಸಲ ತಪ್ಪಿದ್ರೆ ಜನ್ಮವಿಡೀ ತಪ್ತೀನಾ? ಸರಿ, ನಾನು ಸುಳ್ಳು. ಡಾಕ್ಟ್ರಮ್ಮಾನೂ ಸುಳ್ಳಾ? ಹೋಗ್ಲಿ, ಮೇಲ್ಗಡೆ ನಿನ್ನ ಹೆಂಡ್ತಿ ಕೋಣೇಲಿ ಹೋಗಿ ಒಂದು ಮೊಳೆ ಹೊಡಿ ನೋಡೋಣ. ಧೈರ್ಯ ಇದ್ಯಾ?"

"ಅದು ಬೇರೆ ಆಮಾ. ಅಮ್ಮ ಬಿಡಲ್ಲ."

"ಇವಳಿಗೆ ಅಮ್ಮ ಇಲ್ಲ. ಅದಕ್ಕೇ ಇವಳ ಮೇಲೆ ಬಿದ್ದಿದೀಯ."

ಬೋಷೂನ್ ಮನೆ ಅಂಗಡಿಯ ಮೇಲೇ ಇದೆ. ಹೆಂಡತಿ ಯೀರೋಂಗ್‌ಗೆ ಎಂಟು ತಿಂಗಳು. ಬಸುರಿ ಇರುವ ಮನೆಯಲ್ಲಿ ಗರ್ಭದ ದೇವರು ಓಡಾಡಿಕೊಂಡಿರುತ್ತಾನೆ, ಕೆಲವು ದಿನ ಹೊರಗೆ, ಕೆಲವು ದಿನ ಮಲಗುವ ಕೋಣೆಯೊಳಗೆ. ಎಂದು ಎಲ್ಲಿರುತ್ತಾನೆಂದು ಪಂಚಾಂಗದಲ್ಲಿ ಅಚ್ಚಾಗಿರುತ್ತದೆ. ಅವನಿರುವ ಕಡೆ ಮೊಳೆ ಹೊಡೆಯಬಾರದು, ಮಂಚ ಎಳೆಯಬಾರದು, ಇಟ್ಟದ್ದನ್ನು ಕದಲಿಸಬಾರದು. ಕದಲಿಸಿದರೆ ಹೊಟ್ಟೆಯ ಕೂಸಿಗೆ ಕೇಡು. ಬೋಷೂನ್ ತಾಯಿ ಈ ವಿಷಯದಲ್ಲಿ ಬಲು ಬಿಗಿ. ಕೋಣೆಯ ಕಿಟಕಿ ಕೊಂಡಿ ಮುರಿದು ತಿಂಗಳಾಯಿತು, ರಿಪೇರಿಯವನನ್ನು ಒಳಗೆ ಬಿಟ್ಟಿಲ್ಲ. ಮೇಲಿನ ಹೊಟ್ಟೆಗೆ ಇಷ್ಟು ಭಯಭಕ್ತಿ. ಕೆಳಗಿನ ಹೊಟ್ಟೆಗೆ ಟಿಕೆಟ್ಟು! ಒಂದೇ ಮನೆ, ನಡುವೆ ಹದಿನಾರು ಮೆಟ್ಟಿಲು.

ಈ ಜಗಳವನ್ನೆಲ್ಲ ಯೀರೋಂಗ್ ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಂಡಿದ್ದಳು. ಗಂಡ ಹೊರಗೆ ಹೋದ ಮೇಲೆ ಗೋಡೆ ಹಿಡಿದುಕೊಂಡು ಇಳಿದು ಬಂದಳು. ಕಣ್ಣು ಕೆಂಪಗಿತ್ತು.

"ಬಂದೋರೆಲ್ಲ ನನ್ನ ಹೊಟ್ಟೆ ಸವರ್ತಾರೆ ಆಮಾ. ಗಂಡಾ ಹೆಣ್ಣಾ ಅಂತ ನನ್ನೆದುರಿಗೇ ಪಂದ್ಯ ಕಟ್ತಾರೆ. ನನಗೆ ವಾಕರಿಕೆ ಬರುತ್ತೆ. ಅವಳನ್ನ ಮೇಲೆ ನನ್ನ ಕೋಣೇಲಿ ಇಟ್ಬಿಡಿ."

ಆಮಾ ಒದ್ದೆ ಕೈ ಒರೆಸಿಕೊಂಡರು. ಆಮೇಲೆ ಗೋಡೆಯ ಪಂಚಾಂಗದ ಹತ್ತಿರ ಹೋಗಿ, "ಕಣ್ಣು ಕಾಣಲ್ಲ, ಓದೇ," ಅಂದರು. ಯೀರೋಂಗ್ ಓದಿದಳು. ಶುಕ್ರವಾರದವರೆಗೆ ದೇವರು ಮನೆಯ ಹೊರಗೆ. ಶನಿವಾರದಿಂದ ಎರಡು ವಾರಕ್ಕೂ ಹೆಚ್ಚು ಕಾಲ ಕೋಣೆಯ ಒಳಗೆ.

ಇಬ್ಬರೂ ಮುಖ ಮುಖ ನೋಡಿಕೊಂಡು ನಕ್ಕುಬಿಟ್ಟರು.

ಶುಕ್ರವಾರ ಸಂಜೆ ಅತ್ತೆ ಮಾರುಕಟ್ಟೆಗೆ ಹೋದಾಗ ಆಮಾ ಪೆಟ್ಟಿಗೆಯನ್ನು ಬಟ್ಟೆ ಸಮೇತ ಎದೆಗವಚಿಕೊಂಡು, ಮೆಟ್ಟಿಲು ಮೆಟ್ಟಿಲಿಗೂ ನಿಂತು, ಮೇಲೆ ಒಯ್ದರು. ಬಸುರಿಯಾದವಳು ಪ್ರಾಣಿಗಳನ್ನು ಮುಟ್ಟಬಾರದೆಂದು ಯೀರೋಂಗ್‌ಗೆ ಡಾಕ್ಟರು ಹೇಳಿದ್ದರು. ಹಾಗಾಗಿ ಕೋಣೆಯ ಆ ತುದಿಗೆ, ಗಾಜಿನ ಬಾಗಿಲಿನಾಚೆಗಿನ ಬಟ್ಟೆ ಒಣಗಿಸುವ ಜಾಗದಲ್ಲಿಟ್ಟು ಬಾಗಿಲು ಮುಚ್ಚಿದರು.

ಶನಿವಾರ ನಾನೂ ಹೋಗಿದ್ದೆ. ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ. ಎಲ್ಲರ ಕೈಯಲ್ಲೂ ಫೋನು, ಕಿವಿ ಕಿತ್ತುಹೋಗುವ ಹಾಡು. ಬೋಷೂನ್ ಒಂದು ಕೈಯಲ್ಲಿ ಮೈಕು, ಇನ್ನೊಂದರಲ್ಲಿ ಕ್ಯಾಮೆರಾ ಹಿಡಿದು ಹೆಮ್ಮೆಯಿಂದ ಮೂಲೆಗೆ ಹೋಗಿ ನೋಡುತ್ತಾನೆ, ಪೆಟ್ಟಿಗೆಯಿಲ್ಲ. ಒಂದೇ ಉಸಿರಿಗೆ ಮೆಟ್ಟಿಲು ಹತ್ತಿದ. ನಾನು ಹಿಂದೆಯೇ ಹೋದೆ. ಕೋಣೆಯ ಬಾಗಿಲಲ್ಲಿ ಅವನ ತಾಯಿ ಪೊರಕೆ ಹಿಡಿದು ನಿಂತಿದ್ದರು. ಗುಡಿಸುವಾಗ ಪೆಟ್ಟಿಗೆ ಕಂಡಿದ್ದ ಅವರು ಮೊದಲು ಬೈದದ್ದು ಅಲ್ಲೇ ನಿಂತಿದ್ದ ಆಮಾರನ್ನೇ.

"ಬಸುರಿ ಕೋಣೆಗೆ ಆ ಗಬ್ಬು ಪ್ರಾಣೀನ ತಂದಿಟ್ಟಿದೀಯಲ್ಲೇ ಬೋಂಗ್‌ಚೀ, ಬುದ್ಧಿಗಿದ್ಧಿ ಇದ್ಯಾ ನಿಂಗೆ?"

"ಇಲ್ಲ ಅಕ್ಕಾ," ಅಂದರು ಆಮಾ. "ಹೇಳಿ, ಈಗ್ಲೇ ಎತ್ತಿಬಿಡ್ತೀನಿ."

ತಾಯಿಯ ಮುಖ ಬಿಳಿಚಿಕೊಂಡಿತು. "ಮುಟ್ಟಿದ್ರೆ ನೋಡು! ದೇವರು ಒಳಗಿದಾನೆ ಇವತ್ತು!"

"ಅಮ್ಮಾ, ಕೆಳಗೆ ಅಷ್ಟು ಜನ ಕಾಯ್ತಿದಾರೆ! ಅದು ಅಂಗಡಿ ಪ್ರಾಣಿ!" ಬೋಷೂನ್ ಅಂಗಲಾಚಿದ.

"ಅಂಗಡೀದೋ ಅರಮನೇದೋ, ಈಗ ಈ ಕೋಣೇಲಿದೆ. ದೇವರು ಹೊರಗೆ ಹೋಗೋವರ್ಗೂ ಇಲ್ಲಿಂದ ಒಂದು ಚಪ್ಪಲಿ ಜರುಗಕೂಡದು. ನನ್ನ ಮೊಮ್ಮಗೂಗೆ ಏನಾದ್ರೂ ಆಯ್ತೋ, ನಿನ್ನ ಕಾಲು ಮುರೀತೀನಿ. ಹೋಗಿ ಆ ಹಾಡು ನಿಲ್ಸು!"

ಹಾಡು ನಿಂತಿತು. ಬೋಷೂನ್ ಕೆಳಗೆ ಬಂದು ಮೈಕಿನಲ್ಲಿ ಹೇಳಿದ: "ದಯವಿಟ್ಟು ಕ್ಷಮಿಸಿ, ನಮ್ಮ ಕ್ಲೀನಿಂಗ್ ಹೆಂಗಸಿನ ತಪ್ಪಿನಿಂದ ಕಾರ್ಯಕ್ರಮ ರದ್ದಾಗಿದೆ." ಎರಡು ವರ್ಷದಲ್ಲಿ ಆ ಅಂಗಡಿಯಲ್ಲಿ ಆಮಾ ಪ್ರಸ್ತಾಪ ಬಂದದ್ದು ಅದೇ ಮೊದಲು, ಅದೂ ಹೆಸರಿಲ್ಲದೆ. ಕೈಗವಸು ತೊಟ್ಟು ಕಾದಿದ್ದ ಹುಡುಗಿಯೊಬ್ಬಳು, "ಛೆ, ಎಂಥಾ ಮುದುಕಿಯಪ್ಪಾ," ಅಂದಳು. ನನಗೆ ಅವಳ ಕೈಗವಸು ಕಿತ್ತು ಬಿಸಾಡುವಷ್ಟು ಸಿಟ್ಟು ಬಂತು. ಆಮಾ ಆಗಲೇ ಬಕೆಟ್ ಹಿಡಿದು ಚಕ್ರ ಬಿಚ್ಚುತ್ತಿದ್ದರು.

ಇಲ್ಲಿನವರ ಹೊಸ ವರ್ಷದ ಹಬ್ಬ ಕಳೆದ ಮೇಲೆ ಕೆಲಸಕ್ಕೆ ಬರಬೇಡಿ ಎಂದು ಬೋಷೂನ್ ಹೇಳಿದ್ದಾನೆ. ತನ್ನ ಬಾಣಂತನದ ತಿಂಗಳಿಗೆ ಆಮಾನೇ ಇರಲಿ ಎಂದು ಯೀರೋಂಗ್ ಅತ್ತೆಯನ್ನು ಕೇಳಿದಳಂತೆ. ಅತ್ತೆ ಒಪ್ಪಲಿಲ್ಲ, ಕೇಂದ್ರದಲ್ಲಿ ಕೋಣೆ ಆಗಲೇ ಗೊತ್ತು ಮಾಡಿದ್ದಾರೆ, ಅಲ್ಲಿನವರ ಹತ್ತಿರ ಸರ್ಟಿಫಿಕೇಟ್ ಇದೆ. ಇದನ್ನು ಕೇಳಿ ನಾನು ಕೂಗಾಡಿದೆ. ಆಮಾ ಕೂಗಾಡಲಿಲ್ಲ. ಹಬ್ಬಕ್ಕೆ ಇನ್ನೂ ಮೂರು ವಾರ ಇದೆ, ದೇವರು ಹೊರಗೆ ಹೋಗುವುದು ಅದಕ್ಕೂ ಮುಂಚೆ, ಅಷ್ಟರಲ್ಲಿ ಜೀಮಾ ವಿಷಯ ತಿಳಿದೇ ತಿಳಿಯುತ್ತದೆ ಎಂದರು.

ಇಂದು ಬೆಳಗಿನ ಜಾವವೂ ಅವರು ಬರಿಗಾಲಲ್ಲಿ ಮೇಲೆ ಹೋಗುತ್ತಾರೆ. ಯೀರೋಂಗ್ ನಿದ್ದೆಯಲ್ಲಿದ್ದಾಳೆ. ಗಾಜಿನ ಬಾಗಿಲು ಬೆರಳಷ್ಟು ಸರಿಸಿ, ಬಟ್ಟಲು ಒಳಗಿಟ್ಟು, ಉಸಿರು ಬಿಗಿಹಿಡಿದು ಕೇಳುತ್ತಾರೆ. ಬಟ್ಟೆಯಡಿಯಿಂದ ಒಂದು ಸಣ್ಣ ಬುಸ್. ಬೇರೇನೂ ಇಲ್ಲ. ಬಾಗಿಲು ಮುಚ್ಚಿ ಇಳಿದು ಬರುತ್ತಾರೆ. ನಾನು ತಡೆಯಲಾರದೆ ಕೇಳಿಬಿಡುತ್ತೇನೆ.

"ಆಮಾ, ಈ ಸಲಾನೂ ಬರೀ ಕೊಬ್ಬೇ ಆಗಿದ್ರೆ? ಕೆಲಸಾನೂ ಹೋಯ್ತಲ್ಲ ನಿಮ್ದು?"

ಆಮಾ ಮೆಟ್ಟಿಲ ಮೇಲೆ ಕೂತು ಮೊಣಕಾಲು ಉಜ್ಜಿಕೊಳ್ಳುತ್ತಾರೆ.

"ಆಗಿರ್ಲಿ ಬಿಡೇ. ನಾನೂ ಮೂರು ಹೆತ್ತಿದೀನಿ. ಮೂರು ಸಲಾನೂ ನಾಲ್ಕನೇ ದಿನಕ್ಕೆ ಎದ್ದು ಹೋಗಿ ಇನ್ನೊಬ್ರ ಮನೆ ಬಾಣಂತಿಗೆ ಕೋಳಿ ಬೇಯಿಸ್ದೆ. ನನ್ನ ಬಾಗಿಲಲ್ಲಿ ನಿಂತು 'ಈಗ ಬೇಡ, ಹೋಗಿ' ಅನ್ನೋರು ಯಾರೂ ಇರ್ಲಿಲ್ಲ. ಕೊಬ್ಬೋ, ಕೂಸೋ, ಇವಳಾದ್ರೂ ಮಲಗ್ಲಿ."