ಹದಿಮೂರು ಮೆಟ್ಟಿಲು, ಒಂದು ತಪ್ಪು ರಿಪೋರ್ಟ್

ತಾವಾಗಿಯೇ ಎದ್ದು ನಿಲ್ಲಬಲ್ಲ ಹೆಂಗಸೊಬ್ಬರನ್ನು ‘ಏಳಲಾರರು’ ಎಂದು ಫಾರಂನಲ್ಲಿ ಬರೆದು ಸಹಿ ಹಾಕಿದ ಮಹಾನುಭಾವ ನಾನೇ. ಕೈಬರಹ ಮಾತ್ರ ಬಹಳ ಚೆನ್ನಾಗಿತ್ತು.

ಇದು ಎರಡು ವರ್ಷದ ಹಿಂದಿನ ಮಾತು. ಡಬ್ಲಿನ್ ವಿಮಾನ ನಿಲ್ದಾಣದ ಮಗ್ಗುಲಿನ ಸ್ವೋರ್ಡ್ಸ್‌ನಲ್ಲಿ ನಾನು ಕಮ್ಯುನಿಟಿ ಫಿಸಿಯೋಥೆರಪಿಸ್ಟ್. ಅಂದರೆ, ಆಸ್ಪತ್ರೆಯಿಂದ ಬಂದ ವಯಸ್ಸಾದವರ ಮನೆಗೇ ಹೋಗಿ, ಅವರನ್ನು ಎಬ್ಬಿಸಿ, ನಡೆಸಿ, ಬೈಸಿಕೊಂಡು ಬರುವವನು. ಅದು ವೃತ್ತಿ. ಚಟ ಬೇರೆ ಇದೆ: ಯಾರ ನಡಿಗೆಯನ್ನಾದರೂ ಒಮ್ಮೆ ನೋಡಿದರೆ ಸಾಕು, ಹಾಗೇ ನಡೆದು ತೋರಿಸುತ್ತೇನೆ. ನಮ್ಮ ಸೀನಿಯರ್ ಮೇವ್ ಮೀಟಿಂಗಿಗೆ ತಡವಾಗಿ ನುಗ್ಗುವ ನಡಿಗೆಗೆ ಆಫೀಸಿನಲ್ಲಿ ಮೂರು ಸಲ ‘ಒನ್ಸ್ ಮೋರ್’ ಬಿದ್ದಿದೆ. ಮೂರನೆಯದು ಕೂಗಿದ್ದು ಮೇವ್.

ಪದ್ಮಾವತಮ್ಮನವರಿಗೆ ಎಪ್ಪತ್ತೆಂಟು. ಮೈಸೂರಿನಲ್ಲಿ ಮೂವತ್ತು ವರ್ಷ ಟೈಪಿಂಗ್ ಕಲಿಸಿ, ಈಗ ಮಗಳು ಸುಮಾ ಜೊತೆ ಇಲ್ಲಿದ್ದರು. ಆ ಚಳಿಗಾಲ ನ್ಯುಮೋನಿಯಾ ಬಂದು ಹದಿನಾರು ದಿನ ಆಸ್ಪತ್ರೆಯ ಹಾಸಿಗೆಯಲ್ಲಿ ಕಳೆದರು. ಆ ವಯಸ್ಸಿನಲ್ಲಿ ಮಲಗಿದಲ್ಲೇ ಮಲಗಿದರೆ ತೊಡೆಯ ಸ್ನಾಯು ಬಿಸಿ ದೋಸೆಯ ಮೇಲಿನ ಬೆಣ್ಣೆಯಂತೆ ಕರಗುತ್ತದೆ. ಮನೆಗೆ ಬಂದಾಗ ಅವರ ರೂಮು ಹದಿಮೂರು ಮೆಟ್ಟಿಲ ಮೇಲಿತ್ತು, ಅವರು ಸದ್ಯಕ್ಕೆ ಕೆಳಗೆ ಸೋಫಾ ಮೇಲಿದ್ದರು. ಕೆಳಗಿನ ಹಾಲ್‌ನಲ್ಲೇ ಕಾಯಂ ಆಗಿ ಮಂಚ ಹಾಕಿಸಬೇಕೇ ಎಂಬುದು ನನ್ನ ರಿಪೋರ್ಟಿನ ಮೇಲೆ ನಿಂತಿತ್ತು.

ಅಮ್ಮನ ಅಭಿಪ್ರಾಯ ಸ್ಪಷ್ಟವಾಗಿತ್ತು. “ಬಾಗಿಲಿಲ್ಲದ ಕಡೆ ನಾನು ಕಾಯಂ ಆಗಿ ಮಲಗೋಲ್ಲ ಕಣಪ್ಪಾ. ಬಂದೋರು ಹೋದೋರೆಲ್ಲ ನೋಡೋಕೆ ನಾನೇನು ಸೋಫಾ ದಿಂಬಾ?”

“ಬಿದ್ರೆ ಏನಮ್ಮಾ ಮಾಡೋದು?” ಎಂದಳು ಸುಮಾ. ಅವಳಿಗೆ ಏರ್‌ಪೋರ್ಟಿನಲ್ಲಿ ಶಿಫ್ಟ್ ಕೆಲಸ. “ನಾನು ಮನೇಲಿರಲ್ಲ. ಯಾರು ಎತ್ತೋರು?” ಅವಳ ಭಯವೂ ಸುಳ್ಳಲ್ಲ.

ಪರೀಕ್ಷೆ ಸರಳ. ಕೈಗಳನ್ನು ಎದೆಗೆ ಕಟ್ಟಿಕೊಂಡು ಮೂವತ್ತು ಸೆಕೆಂಡಿನಲ್ಲಿ ಕುರ್ಚಿಯಿಂದ ಎಷ್ಟು ಸಲ ಎದ್ದು ಕೂರುತ್ತಾರೆ ಎಂದು ಎಣಿಸುವುದು. ಐರಿಷ್ ಅಜ್ಜ ಅಜ್ಜಿಯರ ಮುಂದೆ ನಾನು ಸ್ಟಾಪ್‌ವಾಚ್ ಹಿಡಿದ ಅಂಪೈರ್. ಇಲ್ಲಿ ಮೊದಲು ಫಿಲ್ಟರ್ ಕಾಫಿ ಬಂತು. ಆಮೇಲೆ “ಯಾವೂರಪ್ಪಾ, ಅಮ್ಮ ಹೇಗಿದಾರೆ?” ಬಂತು. ಅವರು ಕುರ್ಚಿಯ ಅಂಚಿಗೆ ಸರಿದದ್ದೇ ತಡ, ನನ್ನೊಳಗಿನ ಫಿಸಿಯೋ ಎತ್ತಲೋ ಮಾಯವಾಗಿ, ಒಳ್ಳೆ ಮನೆತನದ ಹುಡುಗ ಎದ್ದು ಬಂದ.

“ಅಯ್ಯೋ, ನಿಧಾನ ಅಮ್ಮಾ, ನಾನಿದೀನಲ್ಲಾ!” ಬಲಗೈ ನಾನು ಹಿಡಿದೆ, ಎಡಗೈ ಸುಮಾ.

“ನಾನೇ ಏಳ್ತೀನಿ ಬಿಡ್ರೋ,” ಎಂದರು. ನಾವಿಬ್ಬರೂ ಕಿವಿಗೇ ಹಾಕಿಕೊಳ್ಳಲಿಲ್ಲ. ಕೈಯ ಆಸರೆಯಿಂದ ಎದ್ದರೆ ಅಂಕ ಸೊನ್ನೆ ಎಂಬುದು ನಿಯಮ. ನಿಯಮಪಾಲಕನಾದ ನಾನು ಸೊನ್ನೆಯನ್ನು ದುಂಡಗೆ ಬರೆದೆ. ಮುಂದಿನ ಗುರುವಾರಕ್ಕೆ ಮಂಚ ನಿಗದಿಯಾಯಿತು.

ಮಂಗಳವಾರ ಆಫೀಸಿನಲ್ಲಿ, ಹೆಸರು ಹೇಳದೆ, ಅವರು ಏಳುವ ರೀತಿಯನ್ನು ಮೇವ್‌ಗೆ ಅಭಿನಯಿಸಿ ತೋರಿಸಿದೆ. ನಗುತ್ತಿದ್ದ ಮೇವ್ ತಟ್ಟನೆ ನಗು ನಿಲ್ಲಿಸಿದರು. ನನ್ನ ಬಲಗೈ ಗಾಳಿಯಲ್ಲಿ ಏನು ಮಾಡುತ್ತಿದೆ ಎಂದು ಕೇಳಿದರು.

ನೋಡಿಕೊಂಡೆ. ಅಂಗೈ ಮೇಲಾಗಿ, ಏಳುವ ಮುಂಚೆಯೇ, ಕೈ ಚಾಚಿಕೊಂಡಿತ್ತು. ಬೀಳುವ ಭಯವಿದ್ದವರ ಕೈ ಗೋಡೆಯನ್ನೋ ಮೇಜನ್ನೋ ಹುಡುಕುತ್ತದೆ. ಇದು ಹುಡುಕುತ್ತಿರಲಿಲ್ಲ, ಕಾಯುತ್ತಿತ್ತು. ಯಾರಾದರೂ ಹಿಡಿದೇ ಹಿಡಿಯುತ್ತಾರೆ ಎಂದು ಗೊತ್ತಿದ್ದ ಕೈ ಅದು.

“ಹಿಡಿದವರು ಯಾರು?” ಎಂದರು ಮೇವ್. ನಾನು ಕ್ಲಾಸಿನ ಹುಡುಗನಂತೆ ಬೆರಳೆತ್ತಿದೆ.

“ಗ್ರ್ಯಾಂಡ್,” ಎಂದರು, ಐರಿಷರ ಬಾಯಲ್ಲಿ ಅದು ಬರೀ ‘ಸರಿ’. “ಹಾಗಾದರೆ ನೀನು ಅಳೆದದ್ದು ಅವರ ಕಾಲನ್ನಲ್ಲ, ನಿನ್ನ ತೋಳನ್ನ.”

ಬುಧವಾರ ಬೆಳಿಗ್ಗೆ ಬಸ್ಸಿಳಿದು ಓಡಿದೆ. ಮಂಚಕ್ಕೆ ಒಂದೇ ದಿನ ಬಾಕಿ. ಸುಮಾಗೆ ಅವಳ ಕೈಗಳ ಮೇಲೆಯೇ ಕುಳಿತುಕೊಳ್ಳಲು ಹೇಳಿ, ನನ್ನವನ್ನು ಜೇಬಿಗೆ ತುರುಕಿದೆ. ವಾಚನ್ನು ಮೇಜಿನ ಮೇಲಿಟ್ಟು ಶುರು ಎಂದೆ.

ಒಂದು. ಎರಡು. ಮೂರನೆಯದಕ್ಕೆ ಮಂಡಿ ನಡುಗಿತು. ನಾಲ್ಕನೆಯದಕ್ಕೆ ಅರ್ಧ ಎದ್ದು ಹಾಗೇ ನಿಂತರು; ನನ್ನ ಕೈ ಜೇಬಿನಿಂದ ಹೊರಗೆ ಹಾರಿತು.

“ಕೈ ಒಳಗೆ!” ಎಂದು ಗದರಿದರು ಪದ್ಮಾವತಮ್ಮ. “ಮೂವತ್ತು ವರ್ಷದಲ್ಲಿ ನಾನು ಒಬ್ಬರ ಬೆರಳು ಹಿಡಿದು ಟೈಪ್ ಕಲಿಸಿದ್ದಿಲ್ಲ!” ಎನ್ನುತ್ತಲೇ ಪೂರ್ತಿ ಎದ್ದರು. ಐದನೆಯದೂ ಆಯಿತು. ಐದು ಕಡಿಮೆಯೇ, ಆ ವಯಸ್ಸಿಗೆ ಹತ್ತಾದರೂ ಬೇಕು. ಆದರೆ ಸೊನ್ನೆಗೂ ಐದಕ್ಕೂ ನಡುವೆ ಒಂದು ಬಾಗಿಲಿರುವ ರೂಮೇ ಇತ್ತು! ನಾನು ಕುಣಿದೇಬಿಟ್ಟೆ. ಸುಮಾ ಅಳುತ್ತಿದ್ದಳು.

“ಆಸ್ಪತ್ರೆಯಿಂದ ಬಂದಾಗಿನಿಂದ ನೀರಿನ ಲೋಟಾನೂ ಕೈಗೇ ಕೊಟ್ಟಿದೀನಲ್ಲಮ್ಮಾ. ಬೇಡ ಅನ್ನಬಾರದಿತ್ತಾ?”

“ನೀನು ಅಷ್ಟು ಪ್ರೀತಿಯಿಂದ ಕೊಡ್ವಾಗ ಹೇಗೇ ಬೇಡ ಅನ್ನೋದು?”

ಅಲ್ಲೇ ಮೇವ್‌ಗೆ ಫೋನ್ ಮಾಡಿ ತಪ್ಪೊಪ್ಪಿಕೊಂಡೆ. ಮಂಚವನ್ನು ಎಂಟು ವಾರ ಮುಂದೂಡಿದರು. ಮೆಟ್ಟಿಲಿನ ಇನ್ನೊಂದು ಬದಿಗೂ ಹಿಡಿಕಂಬಿ ಬಂತು. ಲೋಟ ಅಡುಗೆಮನೆಗೆ ವಾಪಸಾಯಿತು. ಬೇಕೆಂದರೆ ಅಮ್ಮನೇ ಎದ್ದು ಹೋಗಬೇಕು. ಊಟಕ್ಕೆ ಮುಂಚೆ ಹತ್ತು ಸಲ ಎದ್ದು ಕೂರಬೇಕು, ಮೊದಲ ಮೆಟ್ಟಿಲನ್ನು ಹತ್ತಿ ಇಳಿಯಬೇಕು. ಮೂರನೇ ವಾರಕ್ಕೆ ಎಂಟಾಯಿತು. ಐದನೇ ವಾರ ನೆಗಡಿ ಬಂದು ಆರಕ್ಕಿಳಿಯಿತು; ಅಂದು ನನ್ನ ಮುಖ ನೋಡಿ ಅವರೇ ನನಗೆ ಸಮಾಧಾನ ಹೇಳಿದರು. ಎಂಟನೇ ವಾರ ಹನ್ನೊಂದು!

ಮುಪ್ಪು ಎಂದರೆ ಜಾರುಬಂಡೆ, ಒಮ್ಮೆ ಜಾರಿದರೆ ಮುಗಿಯಿತು ಎಂದುಕೊಂಡಿದ್ದವನು ನಾನು. ಅದು ಮೆಟ್ಟಿಲು, ಕಾಯಿಲೆ ನಾಲ್ಕು ಇಳಿಸಿದರೆ ಎರಡು ಹತ್ತಬಹುದು, ಕೆಲವೊಮ್ಮೆ ನಾಲ್ಕೂ. ಎಲ್ಲರಿಗೂ ಆಗುವುದಿಲ್ಲ. ಆದರೆ ಆಗುತ್ತದೋ ಇಲ್ಲವೋ ಎಂದು ತಿಳಿಯಬೇಕಾದರೆ, ನಮ್ಮ ಗೌರವ ಮೂವತ್ತು ಸೆಕೆಂಡು ಜೇಬಿನಲ್ಲಿರಬೇಕು.

ಕೊನೆಯ ದಿನ ಎರಡೂ ಕಂಬಿ ಹಿಡಿದು ಅಮ್ಮ ಹತ್ತತೊಡಗಿದರು. ನಿಯಮದಂತೆ ನಾನು ಒಂದು ಮೆಟ್ಟಿಲು ಹಿಂದಿದ್ದೆ. ಸುಮಾ ಕೆಳಗೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದಳು. ಒಂಬತ್ತನೆಯ ಮೆಟ್ಟಿಲಲ್ಲಿ ನಿಂತುಬಿಟ್ಟರು. ಬೆನ್ನು ಏರಿಳಿಯುತ್ತಿತ್ತು. ಇಷ್ಟೆಲ್ಲ ಕಲಿತ ಮೇಲೂ ನನ್ನ ಬಾಯಿ ಸುಮ್ಮನಿರಲಿಲ್ಲ.

“ಅಮ್ಮಾ, ಕೈ ಕೊಡ್ಲಾ?”

ತಿರುಗಿಯೂ ನೋಡದೆ ಹತ್ತನೆಯದಕ್ಕೆ ಕಾಲಿಟ್ಟರು.

“ಆ ಕೈ ನಿನ್ಹತ್ರಾನೇ ಇಟ್ಕೋಪ್ಪಾ. ರಿಪೋರ್ಟ್ ತಿದ್ದೋಕೆ ಬೇಕಾಗತ್ತೆ.”