ಕೆಮ್ಮು ನುಂಗಿಕೊಂಡವರ ಮೇಲೊಂದು ಸಂಶೋಧನೆ

2007ರಲ್ಲಿ ನಾನು ಹೊಸಪೇಟೆ ಹೊರವಲಯದ ಒಂದು ಖಾಸಗಿ ಆಯುರ್ವೇದ ಕಾಲೇಜಿನಲ್ಲಿ ಕಾಯಚಿಕಿತ್ಸಾ ವಿಭಾಗದ ಪ್ರೊಫೆಸರ್ ಆಗಿದ್ದೆ. ಜ್ವರ, ಕೆಮ್ಮು, ಮೈಕೈ ನೋವಿನಂಥ ಕಾಯಿಲೆಗಳಿಗೆ ಔಷಧಿ ಕೊಡುವ ವಿಭಾಗ ಅದು. ಕಾಲೇಜಿನ ಅಧ್ಯಕ್ಷರದು ಅದಿರಿನ ವ್ಯವಹಾರ. ಸಂಡೂರಿನ ಗುಡ್ಡ ಕರಗಿಸಿದ ದುಡ್ಡಿನಲ್ಲಿ ನಮ್ಮ ಅಂಗಳಕ್ಕೆ ಅಮೃತಶಿಲೆಯ ಧನ್ವಂತರಿ ಬಂದ. ಲ್ಯಾಬಿಗೆ ಕೇಳಿದ್ದ ಮೈಕ್ರೋಸ್ಕೋಪ್ ಮಾತ್ರ ಬರಲಿಲ್ಲ.

ಆ ವರ್ಷ ನನ್ನ ಎಂ.ಡಿ. ವಿದ್ಯಾರ್ಥಿ ವೀರೇಶನ ಥೀಸಿಸ್‌ಗೆ ಅಧ್ಯಕ್ಷರೇ ವಿಷಯ ಆರಿಸಿಕೊಟ್ಟರು. ಅದಿರಿನ ಧೂಳಿನಿಂದ ಬರುವ ಕೆಮ್ಮಿಗೆ ಆಡುಸೋಗೆ, ಹಿಪ್ಪಲಿ, ಬೆಲ್ಲ ಹಾಕಿ ಕಾಸಿದ ಲೇಹ್ಯ. ಧೂಳಿನಲ್ಲಿ ದುಡಿಯುವವರು ಸಂಜೆ ಬೆಲ್ಲದ ಚೂರು ಬಾಯಿಗೆ ಹಾಕಿಕೊಳ್ಳುವುದು ಈ ಕಡೆ ವಾಡಿಕೆ. ಧೂಳು ಬೆಲ್ಲಕ್ಕೆ ಅಂಟಿ ಹೊಟ್ಟೆಗೆ ಇಳಿಯುತ್ತದೆಂಬ ನಂಬಿಕೆ. ಹಾಗಾಗಿ ಲೇಹ್ಯವೆಂದರೆ ಯಾರೂ ಒಲ್ಲೆ ಎನ್ನಲಿಲ್ಲ. ರೋಗಿಗಳನ್ನೂ ಅಧ್ಯಕ್ಷರೇ ಒದಗಿಸಿದರು: ಪಾಪಿನಾಯಕನಹಳ್ಳಿ ಕಡೆಯ ಅವರ ಸ್ಟಾಕ್‌ಯಾರ್ಡಿನಲ್ಲಿ ಅದಿರು ಜರಡಿ ಹಿಡಿಯುವ ಹೆಣ್ಣಾಳುಗಳು.

ಯಾರ್ಡಿನ ಒಂದು ಕೋಣೆಯಲ್ಲಿ ನಡೆಸಿದ ಮೊದಲ ಕ್ಯಾಂಪಿನಲ್ಲಿ ಎಲ್ಲರಿಗೂ ಮಾತಾಡಲೂ ಬಿಡದಷ್ಟು ಕೆಮ್ಮು. ಲೇಹ್ಯ ಕೊಟ್ಟು ಕೆಲವು ವಾರಗಳ ನಂತರ ಹೋದರೆ ಒಬ್ಬರೂ ಕೆಮ್ಮುತ್ತಿರಲಿಲ್ಲ. ವೀರೇಶ ಹಿಗ್ಗಿ ಹೀರೇಕಾಯಿಯಾಗಿದ್ದ. ನನಗೆ ನಂಬಿಕೆ ಬರಲಿಲ್ಲ. ಲೇಹ್ಯ ಗಂಟಲಿಗೆ ಹಿತ ಕೊಡುತ್ತದೆ ನಿಜ, ಆದರೆ ಅವರು ಕುಡಿಯುತ್ತಿದ್ದದ್ದು ಅದೇ ಕೆಂಪು ಗಾಳಿ.

ಹುಲಿಗೆಮ್ಮ ಎಂಬಾಕೆ ನನ್ನೆದುರು ಕುಳಿತು, "ಭಾಳ ಆರಾಮ ಅದೀನ್ರಿ" ಎಂದಳು. ಮುಖ ಬಿಗಿದಿತ್ತು, ಕಣ್ಣಲ್ಲಿ ನೀರು. ಎದೆಗೆ ಸ್ಟೆತಸ್ಕೋಪ್ ಇಟ್ಟು ಜೋರಾಗಿ ಉಸಿರು ಎಳೆಯಲು ಹೇಳಿದೆ. ಎಳೆಯಲಿಲ್ಲ.

"ಎಳದ್ರ ಕೆಮ್ಮು ಬರ್ತೈತ್ರಿ ಡಾಕ್ಟ್ರಮ್ಮ."

"ಬರ್ಲಿ ಬಿಡ್ರಿ."

"ಬ್ಯಾಡ್ರಿ. ಮೇಸ್ತ್ರಿ ಹೊರಗ ಕುಂತಾನ. ಔಷಧಿ ತಿಂದೂ ಕೆಮ್ಮೋರು ನಾಳೆಯಿಂದ ಕೆಲ್ಸಕ್ಕ ಬರಬ್ಯಾಡ್ರಿ ಅಂದಾನ."

ಅಷ್ಟು ಹೇಳುವಷ್ಟರಲ್ಲಿ ತಡೆದಿದ್ದ ಕೆಮ್ಮು ಒಮ್ಮೆಲೇ ಬಂತು. ಬಾಯಿಗೆ ಒತ್ತಿಕೊಂಡ ಸೆರಗಿನಲ್ಲಿ ರಕ್ತವಿತ್ತು. ಧೂಳು ಹಿಡಿದು ಮೊದಲೇ ಕೆಂಪಾಗಿದ್ದ ಸೀರೆ. ಹತ್ತಿರದಿಂದ ನೋಡದಿದ್ದರೆ ಗೊತ್ತಾಗುತ್ತಿರಲಿಲ್ಲ.

ಮೇಸ್ತ್ರಿಯನ್ನು ರಸ್ತೆಯಾಚೆಯ ಚಹಾದಂಗಡಿಗೆ ಅಟ್ಟಿ, ಎಲ್ಲರನ್ನೂ ಒಳಗೆ ಕರೆದು ಬಾಗಿಲು ಹಾಕಿದೆ. "ಇನ್ನ ಯಾರಿಗೂ ಹೆದರಬ್ಯಾಡ್ರಿ, ಕೆಮ್ಮು ಬಂದ್ರ ಕೆಮ್ಮರಿ" ಎಂದೆ. ಒಬ್ಬಳು ಶುರು ಮಾಡಿದಳು, ಆಮೇಲೆ ಇಡೀ ಕೋಣೆ. ವೀರೇಶ ಗೋಡೆಗೆ ಒರಗಿ ನಿಂತುಬಿಟ್ಟ. ನಮ್ಮ ಗುಣವಾದ ರೋಗಿಗಳು ಇವರು! ನಾವು ಮಾಡುತ್ತಿದ್ದ ಕೆಲಸದ ಬಗ್ಗೆಯೇ ನನಗೆ ಹೇಸಿಗೆಯಾಯಿತು.

ಹುಲಿಗೆಮ್ಮನನ್ನು ಆವತ್ತೇ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದೆ. ಕಫ ಪರೀಕ್ಷೆಯಲ್ಲಿ ಕ್ಷಯ ಎಂದು ಬಂತು, ಮಾತ್ರೆ ಶುರುವಾಯಿತು. ಮೇಸ್ತ್ರಿ ಆಕೆಯನ್ನು ಕೆಲಸದಿಂದ ತೆಗೆದ. ಅದನ್ನು ಕಂಡ ಉಳಿದವರು ಆಸ್ಪತ್ರೆಗೆ ಬರಲು ಒಪ್ಪಲಿಲ್ಲ.

ಅಧ್ಯಕ್ಷರ ಬಳಿ ಹೋಗಿ ಅಧ್ಯಯನ ನಿಲ್ಲಿಸಬೇಕೆಂದೆ. ಅವರಿಗೆ ಈ ಥೀಸಿಸ್ ಏಕೆ ಬೇಕಿತ್ತೆಂದು ಆಗ ತಿಳಿಯಿತು. ಲಾರಿ ಓಡಾಡುವ ದಾರಿಗೆ ನೀರು ಹೊಡೆಸಿ ಎಂದು ಊರವರು ಹಟ ಹಿಡಿದಿದ್ದರು. ನೀರಿನ ಬದಲು ಅವರಿಗೆ ಲೇಹ್ಯ ತೋರಿಸುವುದಿತ್ತು.

"ಆಯುರ್ವೇದದ ಅನ್ನ ತಿಂದು ಆಯುರ್ವೇದಕ್ಕ ಕಲ್ಲು ಹಾಕ್ತೀರೇನ್ರಿ ಮೇಡಂ?" ಎಂದರು ಅಧ್ಯಕ್ಷರು. ಪಕ್ಕದಲ್ಲಿದ್ದ ಪ್ರಿನ್ಸಿಪಾಲರು, "ಥೀಸಿಸ್ ಯಾರು ಓದ್ತಾರ್ರಿ, ಒಂದು ಸಹಿ ಹಾಕಿಬಿಡ್ರಿ" ಎಂದು ನಕ್ಕರು. ಮೂವತ್ತು ವರ್ಷ ಚರಕಸಂಹಿತೆ ಪಾಠ ಹೇಳಿದ ಮನುಷ್ಯ! ಅಧ್ಯಕ್ಷರು ವ್ಯಾಪಾರಿ, ವ್ಯಾಪಾರ ಮಾಡಿದರು. ಈ ಪ್ರಿನ್ಸಿಪಾಲರ ಮೇಲೆ ನನಗೆ ಬಂದ ಅಸಹ್ಯ ಇಂದಿಗೂ ಕಡಿಮೆಯಾಗಿಲ್ಲ.

ನಾನು ಸಹಿ ಹಾಕಲಿಲ್ಲ. ನಡೆದದ್ದನ್ನೇ ಬರೆಯಲು ವೀರೇಶನಿಗೆ ಹೇಳಿದೆ. "ನನ್ ಡಿಗ್ರಿ ಹೋಗ್ತೈತ್ರಿ ಮೇಡಂ" ಎಂದು ಅತ್ತ. ಬೇರೊಬ್ಬ ಗೈಡ್ ಸಿಕ್ಕರು, ಡಿಗ್ರಿಯೂ ಸಿಕ್ಕಿತು. ನಾನು ರಾಜೀನಾಮೆ ಕೊಟ್ಟು ಕಂಪ್ಲಿಯಲ್ಲಿ ಸಣ್ಣ ದವಾಖಾನೆ ತೆರೆದೆ. ಹುಲಿಗೆಮ್ಮ ಮಾತ್ರೆ ಪೂರ್ತಿ ನುಂಗಿ ಚೇತರಿಸಿಕೊಂಡಳು. ಕಂಪ್ಲಿಯ ಗದ್ದೆಗಳಿಗೆ ನಾಟಿ ಹಚ್ಚಲು ಬಂದಾಗ ಮಾತಾಡಿಸಿ ಹೋಗುತ್ತಿದ್ದಳು.

ಮರುವರ್ಷ ಹೊಸಪೇಟೆಯ ಒಂದು ವಿಚಾರಸಂಕಿರಣದಲ್ಲಿ ವೀರೇಶ ಆ ಪ್ರಬಂಧ ಓದಿದ. ನಾನೂ ಕೇಳಲು ಹೋಗಿದ್ದೆ. ಚಪ್ಪಾಳೆ ಮುಗಿದ ಮೇಲೆ ಸಭೆಯಲ್ಲಿ ಯಾರೋ, ಅಧ್ಯಯನವನ್ನು ಅರ್ಧಕ್ಕೆ ಬಿಟ್ಟ ರೋಗಿಗಳಿದ್ದಾರೆಯೇ ಎಂದು ಕೇಳಿದರು. ಅವನು ನನ್ನ ಕಡೆ ನೋಡದೆ, "ಒಬ್ಬರು. ಚಿಕಿತ್ಸೆಗೆ ಸಹಕರಿಸಲಿಲ್ಲ" ಎಂದ.

ನಾನು ಎದ್ದು ನಿಂತೆ. "ಆಕೆ ಬದುಕಿದ್ದಾಳೆ. ಅರ್ಧಕ್ಕೆ ಬಿಟ್ಟಿದ್ದಕ್ಕೇ ಬದುಕಿದ್ದಾಳೆ. ಉಳಿದವರ ಕಫ ಪರೀಕ್ಷೆ ಮಾಡಿಸಿದಿರಾ?"

ವೇದಿಕೆಯಿಂದ ಚಹಾ ವಿರಾಮ ಘೋಷಿಸಿದರು. ಹೊಟ್ಟೆಪಾಡಿನ ಭಯದಲ್ಲಿರುವ ರೋಗಿ ಕೊಟ್ಟ ಉತ್ತರವನ್ನು ಸಂಶೋಧನೆ ಎಂದು ಕರೆಯಬಾರದು. ವೃತ್ತಿ ನನಗೆ ಕಲಿಸಿದ್ದು ಇಷ್ಟೇ. ಆ ಉಳಿದವರಲ್ಲಿ ಎಷ್ಟು ಮಂದಿ ಈಗ ಇದ್ದಾರೋ ನನಗೆ ಗೊತ್ತಿಲ್ಲ. ಪ್ರಬಂಧದ ಪ್ರಕಾರ ಎಲ್ಲರೂ ಗುಣವಾಗಿದ್ದಾರೆ.