ಬೆಳಕಿಂಡಿಯ ಮೇಲೆ ಮಲಗಿದ್ದು

ನಗುವವರು ನಗಿ. ನಾನು ಬಿ.ಎಸ್ಸಿ. ಓದಿದವಳು, ಕಂಡದ್ದನ್ನಷ್ಟೇ ಬರೆಯುತ್ತಿದ್ದೇನೆ.

ಕುರುಗೋಡಿನ ಗುಡ್ಡದ ಬುಡದಲ್ಲಿ ನಮ್ಮದು ಮಣ್ಣಿನ ಮಾಳಿಗೆಯ ಮನೆ. ಅಡುಗೆಮನೆಯ ಸೂರಿನಲ್ಲಿ ಬೆಳಕಿಗೆಂದು ಬಿಟ್ಟ ಕಿಂಡಿಯಿದೆ. ಮೊದಲೆಲ್ಲ ಕತ್ತಲಾದ ಮೇಲೆ ಅದಕ್ಕೆ ತಗಡು ಮುಚ್ಚಿ ಕಲ್ಲು ಹೇರುತ್ತಿದ್ದೆವು. ನಮ್ಮ ಬೆಕ್ಕು ಚಿನ್ನಿಗೆ ಅದೇ ಬಾಗಿಲು. ಜೋಳದ ಚೀಲಗಳ ಅಟ್ಟಿ ಹತ್ತಿ ಅಲ್ಲಿಂದಲೇ ಹೋಗುತ್ತಾಳೆ, ಅಲ್ಲಿಂದಲೇ ಧೊಪ್ಪನೆ ಇಳಿಯುತ್ತಾಳೆ.

ಗುಡ್ಡದಲ್ಲಿ ಚಿರತೆ ಕಾಣಿಸಿಕೊಂಡಾಗ ಪಕ್ಕದ ಮನೆಯ ಕಾಸಿಂ ಕಾಕಾ ಹೇಳಿದರು: "ಬೆಕ್ಕಿನ ವಾಸನಿಗೇ ಬರ್ತೈತಿ ಅದು. ಬಾದನಹಟ್ಟಿ ಕಡಿ ಬಿಟ್ಟು ಬಾ, ಬೇಟಿ."

"ನಿಮ್ಮ ಕೋಳಿನೂ ಕೊಡ್ರಿ ಕಾಕಾ, ಜೋಡೀಲೆ ಬಿಟ್ಟು ಬರ್ತೀನಿ."

ಮುಚ್ಚಿದರೆ ಚಿನ್ನಿ ಚೀಲ ಪರಚುತ್ತಾಳೆಂದು ಆ ರಾತ್ರಿ ನಾನು ಕಿಂಡಿ ಮುಚ್ಚಲಿಲ್ಲ. ನಾನೂ ಅವ್ವನೂ ಊಟಕ್ಕೆ ಕೂತಿದ್ದೆವು. ಕರೆಂಟು ಹೋಯಿತು.

ಮಾಳಿಗೆಯ ಮೇಲೆ ಭಾರವಾದ ಸಪ್ಪಳ... ತಟ್ಟೆಗೆ ಮಣ್ಣು ಉದುರಿತು. ಹಸಿ ಮಾಂಸದ, ಒದ್ದೆ ತೊಗಲಿನ ನಾತ. ಕಿಂಡಿಯಲ್ಲಿದ್ದ ಚುಕ್ಕಿಗಳು ಒಮ್ಮೆಲೇ ಮಾಯವಾಗಿ, ಎರಡು ಕಣ್ಣು ಹೊಳೆದವು.

"ಅವ್ವಾ... ಮ್ಯಾಲೆ..."

"ಸುಮ್ಕಿರಲೇ. ಉಸುರು ಬಿಡಬ್ಯಾಡ."

ಅಷ್ಟರಲ್ಲಿ ಚಿನ್ನಿ ಚೀಲ ಹತ್ತತೊಡಗಿದಳು. ಹಿಡಿಯಲು ಹೋದೆ, ಕೈ ಪರಚಿದಳು. ತಟ್ಟೆ ಎತ್ತಿ ಸೌಟಿನಿಂದ ಬಡಿದೆ. "ಹೋಗಲೇ! ಅದು ನನ್ನ ಬೆಕ್ಕು! ಮುಟ್ಟಿದ್ಯೋ ನೋಡು!"

ಕಣ್ಣುಗಳು ಕದಲಲಿಲ್ಲ. ಚಿನ್ನಿ ಮೇಲಕ್ಕೆ ನೆಗೆದಳು.

ಕಿರುಚಾಟಕ್ಕೆ ಕಾದೆವು... ಏನೂ ಕೇಳಲಿಲ್ಲ.

ಬೆಳಗಾಗುವವರೆಗೆ ಅವ್ವ ನನ್ನ ರಟ್ಟೆ ಬಿಡಲಿಲ್ಲ. ಬೆಳಕಾದ ಮೇಲೆ ಕಾಸಿಂ ಕಾಕಾನನ್ನು ಕರೆದುಕೊಂಡು ಏಣಿ ಹತ್ತಿದೆ. ಮಾಳಿಗೆಯ ಧೂಳಿನಲ್ಲಿ ನನ್ನ ಅಂಗೈಯಗಲದ ಹೆಜ್ಜೆಗಳು. ಅವುಗಳತ್ತ ನೇರವಾಗಿ ನಡೆದು ಹೋದ ಪುಟ್ಟ ಹೆಜ್ಜೆಗಳು. ಭಾರದ ಮೈಯೊಂದು ಮಲಗಿ ಎದ್ದ ಗುರುತು. ಆ ಗುರುತಿನ ಮಡಿಲಲ್ಲಿ ಚಿನ್ನಿ ಕೂತು ಕಾಲು ನೆಕ್ಕಿಕೊಳ್ಳುತ್ತಿದ್ದಳು. ಮೈಮೇಲೆ ಒಂದು ಗೀರೂ ಇರಲಿಲ್ಲ.

ಕಾಕಾನ ಮುಖ ಬಿಳಿಚಿಕೊಂಡಿತು. "ಇದು ಬೆಕ್ಕಲ್ಲ ಬೇಟಿ. ಇವತ್ತೇ ಬಿಟ್ಟು ಬಾ."

"ಬಿಡಂಗಿಲ್ಲ ಕಾಕಾ. ಯಾರು ಬಂದ್ರೂ ಬಿಡಂಗಿಲ್ಲ."

ಬಿಟ್ಟಿಲ್ಲ. ಕಿಂಡಿಗೆ ಕಬ್ಬಿಣದ ಸರಳು ಹಾಕಿಸಿದೆ, ಚಿನ್ನಿ ತೂರುವಷ್ಟು ಸಂದಿ ಬಿಟ್ಟು. ಹುಚ್ಚು ಎಂದರು ಎಲ್ಲರೂ. ಅನ್ನಲಿ.

ಈಗಲೂ ದೀಪ ಆರಿದ ಮೇಲೆ ಅವಳು ಮೇಲೆ ಹೋಗುತ್ತಾಳೆ. ಸ್ವಲ್ಪ ಹೊತ್ತಿಗೆ ಅವಳ ಗುರುಗುರು ಕೇಳಿಸುತ್ತದೆ. ಆಮೇಲೆ ಇನ್ನೊಂದು... ಚಿರತೆ ಬೆಕ್ಕಿನಂತೆ ಗುರುಗುಟ್ಟುವುದಿಲ್ಲ ಎಂದು ಓದಿದ್ದೇನೆ. ಹಾಗಾದರೆ ಅದು ಯಾರೆಂದು ನನಗೆ ಗೊತ್ತಿಲ್ಲ. ಆ ಸದ್ದು ಶುರುವಾದಾಗ ಸೂರಿನ ಮಣ್ಣು ಸಣ್ಣಗೆ ನನ್ನ ಹೊದಿಕೆಯ ಮೇಲೆ ಉದುರುತ್ತದೆ.